ಅಪೂರ್ಣ ತಂತ್ರಾಂಶವನ್ನೂ ಹಂಚಿಕೊಳ್ಳಲಿ

ಮಾನ್ಯ ಸಂಪಾದಕರೇ,

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ತಂತ್ರಾಂಶವೊಂದನ್ನು ಬರೆದಿದ್ದಾಳೆ. ಆದರೆ ಅನುಸ್ವಾರ, ಒತ್ತಕ್ಷರಗಳಲ್ಲಿ ಅದು ಇನ್ನೂ ತಪ್ಪುವುದರಿಂದ, ಪೂರ್ಣವಾಗುವವರೆಗೆ ಯಾರಿಗೂ ತೋರಿಸಲಾರೆ ಎನ್ನುತ್ತಾಳೆ. ಈ ಸಂಕೋಚ ನನಗೆ ನಿಜಕ್ಕೂ ನೋವು ತಂದಿದೆ.

ಲಿನಸ್ ಟೊರ್ವಾಲ್ಡ್ಸ್ 1991ರ ಸೆಪ್ಟೆಂಬರಿನಲ್ಲಿ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್‌ನ 0.01 ಆವೃತ್ತಿಯನ್ನು ಹೊರಗಿಟ್ಟಾಗ ಅದು ಸುಮಾರು 10,000 ಸಾಲುಗಳ, ಮಿನಿಕ್ಸ್ ಎಂಬ ಅಂಥದೇ ಇನ್ನೊಂದು ತಂತ್ರಾಂಶದ ನೆರವಿಲ್ಲದೆ ಕಟ್ಟಲೂ ಬಾರದ ಅರೆಬರೆ ಕೆಲಸವಾಗಿತ್ತು, 1.0 ಆವೃತ್ತಿ ಬಂದದ್ದು 1994ರ ಮಾರ್ಚಿನಲ್ಲಿ, ಅದೂ ಎಷ್ಟೋ ಅಪರಿಚಿತರ ತಿದ್ದುಪಡಿಗಳು ಸೇರಿದ ಮೇಲೆ. ನಮ್ಮ ಹುಡುಗಿಯ ತಂತ್ರಾಂಶದಲ್ಲಿ ಅನುಸ್ವಾರದ ಪದಗಳು ಎಲ್ಲಿ ಬರಬೇಕೆಂಬುದನ್ನು, ಪ್ರೋಗ್ರಾಮಿಂಗ್ ಅರಿಯದಿದ್ದರೂ, ಜಮಖಂಡಿಯ ನಿವೃತ್ತ ಕನ್ನಡ ಶಿಕ್ಷಕರೊಬ್ಬರು ಅವಳಿಗಿಂತ ಚೆನ್ನಾಗಿ ಹೇಳಬಲ್ಲರು. ಆದರೆ ಮೊದಲು ಅದು ಅವರ ಕೈಗೆ ಸಿಗಬೇಕಲ್ಲವೇ?

ಹಾಗೆಂದು ಕೊರತೆಯನ್ನು ಮುಚ್ಚಿಟ್ಟು ಹಂಚುವುದನ್ನು ನಾನು ಒಪ್ಪುವುದಿಲ್ಲ. ಏನು ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಆರಂಭದಲ್ಲೇ ಬರೆಯಬೇಕು. ಔಷಧದ ಪ್ರಮಾಣವನ್ನೋ ಜನರ ಹಣವನ್ನೋ ಲೆಕ್ಕ ಹಾಕುವಂಥದ್ದಾದರೆ, ಪರೀಕ್ಷೆಗೆ ಮಾತ್ರ ಎಂದು ಸ್ಪಷ್ಟವಾಗಿ ಎಚ್ಚರಿಸಬೇಕು. ಕೋಡ್‌ನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ನಲ್ಲಿ ಅಳಿಸಿದ ಪಾಸ್‌ವರ್ಡ್ ಕೂಡ ಹಳೆಯ ದಾಖಲೆಗಳಲ್ಲಿ ಉಳಿದಿರುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಇತರರು ಬಳಸಿ, ತಿದ್ದಿ, ಹಂಚಲು ಅನುಮತಿ ಕೊಡುವ ಜಿಪಿಎಲ್‌ನಂಥ ಪರವಾನಗಿಯೊಂದನ್ನು ಜೊತೆಗಿಡಬೇಕು. ಅದಿಲ್ಲದಿದ್ದರೆ ಕೃತಿಸ್ವಾಮ್ಯದ ಹಕ್ಕುಗಳೆಲ್ಲ ಬರೆದವರಲ್ಲೇ ಉಳಿಯುವುದರಿಂದ, ಎಲ್ಲರೂ ಓದಬಹುದಾದ ಕೋಡ್ ಆದರೂ ಅದನ್ನು ತಿದ್ದಿ ಮರುಹಂಚಲು ಬೇರೆಯವರಿಗೆ ಅನುಮತಿ ಇರುವುದಿಲ್ಲ.

— ಓದುಗರೊಬ್ಬರು, ನವನಗರ, ಬಾಗಲಕೋಟೆ