ಚೀಟಿ ಕಿತ್ತು, ಅನುಮತಿ ಕೊಡಿ

ಮಾನ್ಯರೇ,

ಯಾದಗಿರಿಯ ಗ್ರಂಥಾಲಯವೊಂದರ ಲಿನಕ್ಸ್ ಕಂಪ್ಯೂಟರಿನಲ್ಲಿ, ಪರೀಕ್ಷಾ ಪುಸ್ತಕದ ಜೊತೆ ಬಂದಿದ್ದ ಸಿ.ಡಿ.ಯನ್ನು ಮೊನ್ನೆ ಹಾಕಿದಾಗ, ಡಿಸ್ಕ್ ಗಿರ್ರೆಂದು ತಿರುಗಿತಾದರೂ ಪರದೆಯ ಮೇಲೆ ಅನುಮತಿ ಇಲ್ಲವೆಂಬ ಸಾಲು ಮಾತ್ರ ಮೂಡಿತು. ಇದಕ್ಕೆ ಸಿಬ್ಬಂದಿ ಕಂಡುಕೊಂಡ ಉಪಾಯವೆಂದರೆ, ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ 'ರೂಟ್' ಖಾತೆಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿರುವುದು. ಒಂದು ಸಿ.ಡಿ. ನೋಡಲು ಇಡೀ ಮನೆಯ ಬೀಗದ ಕೈಯನ್ನೇ ಬೀದಿಗಿಟ್ಟಂತಾಗಿದೆ.

ಲಿನಕ್ಸ್‌ನ ರೂಪಗಳಾದ ಡೆಬಿಯನ್, ಉಬುಂಟುಗಳಲ್ಲಿ ಸಿ.ಡಿ. ಡ್ರೈವ್ ರೂಟ್ ಒಡೆತನದಲ್ಲಿದ್ದು, 'ಸಿಡಿರಾಮ್' ಎಂಬ ಗುಂಪಿನ ಸದಸ್ಯರಿಗೂ ಅದನ್ನು ಬಳಸಲು ಅವಕಾಶವಿರುತ್ತದೆ. ನಿರ್ವಾಹಕರು 'ಯೂಸರ್‌ಮಾಡ್' ಆದೇಶದಿಂದ ಓದುಗರ ಖಾತೆಯನ್ನು ಆ ಗುಂಪಿಗೆ ಸೇರಿಸಿದರೆ ಸಾಕು. ಆದರೆ ಆ ಆದೇಶದಲ್ಲಿ ಗುಂಪನ್ನು ಸೂಚಿಸುವ ದೊಡ್ಡಕ್ಷರದ 'ಜಿ' ಆಯ್ಕೆಯ ಜೊತೆ, 'ಇರುವುದಕ್ಕೆ ಸೇರಿಸು' ಎಂಬರ್ಥದ 'ಎ' ಬರೆಯಲು ಮರೆತರೆ, ಆ ಖಾತೆ ತಾನಿದ್ದ ಇತರ ಹೆಚ್ಚುವರಿ ಗುಂಪುಗಳಿಂದ ಹೊರಬೀಳುತ್ತದೆ. ಬದಲಾವಣೆ ಜಾರಿಗೆ ಬರಲು ಒಮ್ಮೆ ಲಾಗ್‌ಔಟ್ ಆಗಿ ಮರಳಿ ಒಳಬರಬೇಕು. ಡ್ರೈವಿಗೆ ನೇರವಾಗಿ 666 ಅನುಮತಿ, ಅಂದರೆ ಎಲ್ಲರಿಗೂ ಓದುವ-ಬರೆಯುವ ಹಕ್ಕು, ಕೊಡುವ ಅಡ್ಡದಾರಿ ಸಾಮಾನ್ಯವಾಗಿ ಯಂತ್ರ ಮರುಚಾಲನೆಯಾದೊಡನೆ ಅಳಿಸಿಹೋಗುತ್ತದೆ.

ಐದು ನಿಮಿಷದ ಈ ಕೆಲಸವನ್ನು ಸಂಬಂಧಪಟ್ಟವರು ಮಾಡಿ, ಪಾಸ್‌ವರ್ಡ್ ಬದಲಿಸಿ, ಆ ಚೀಟಿಯನ್ನು ಕಿತ್ತುಹಾಕಬೇಕೆಂದು ಕೋರುತ್ತೇನೆ.

— ಓರ್ವ ಓದುಗ, ಯಾದಗಿರಿ