ಅನ್ನಪೂರ್ಣಾ ಬೇಸ್ ಕ್ಯಾಂಪಿಗೆ ಹೊರಟ ಶಿರಸಿಯ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನೇಪಾಳದ ಅನ್ನಪೂರ್ಣಾ (8,091 ಮೀ.) ಜಗತ್ತಿನ ಅತಿ ಅಪಾಯದ ಶಿಖರಗಳಲ್ಲೊಂದು, ಮುಖ್ಯ ಕಾರಣ ಹಿಮಕುಸಿತ. ನಾವು ಹೋಗುವುದು 4,130 ಮೀ.ವರೆಗೆ ಮಾತ್ರ, ಆದರೂ ಹಿಂಕು ಗುಹೆ–ದೇವುರಾಲಿ ನಡುವಿನ ದಾರಿಯಲ್ಲಿ ಅದೇ ಅಪಾಯ ಉಂಟು. ಬಿಸಿಲೇರಿದಂತೆ ಮೇಲಿನ ಹಿಮ ಸಡಿಲಾಗ್ತದೆ. ಬೆಳಗ್ಗೆ ಬೇಗ ದಾಟಿ, ಒಬ್ಬರಿಂದೊಬ್ಬರಿಗೆ 15–20 ಮೀ. ಅಂತರ ಇರಲಿ, ಫೋಟೊಕ್ಕೆ ನಿಲ್ಲಬೇಡಿ. ಹೊಸ ಹಿಮ ಜೋರಾಗಿ ಬಿದ್ದರೆ ಆ ದಿನ ಹೊರಡುವುದೇ ಬೇಡ.

ಯಾಣದ ಮೆಟ್ಟಿಲು ಹತ್ತಿ ಕಾಲು ಗಟ್ಟಿಯಾದೀತು, ತೆಳುಗಾಳಿಗೆ ಶರೀರ ಒಗ್ಗುವುದಿಲ್ಲ. 3,000 ಮೀ. ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀ.ಗಿಂತ ಹೆಚ್ಚು ಏರಬಾರದು. ಹಾಗಾಗಿ ದೇವುರಾಲಿಯಿಂದ ನೇರ ಬೇಸ್ ಕ್ಯಾಂಪಿಗೆ ಹೋಗದೆ ನಡುವಿನ ಮಚ್ಛಾಪುಚ್ಛ್ರೆ ಕ್ಯಾಂಪಿನಲ್ಲಿ ಒಂದು ರಾತ್ರಿ ನಿಲ್ತೇವೆ. ತಲೆನೋವಿನ ಜೊತೆ ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಕೆಳಗಿಳಿಸಲೇಬೇಕು. ದಯವಿಟ್ಟು ಯಾರೂ ಮುಚ್ಚಿಡಬೇಡಿ.