ಗೀಟಿನ ಈಚೆಗಿನ ಎರಡು ಅಕ್ಷರ

ಸಂಪಾದಕರಿಗೆ ನಮಸ್ಕಾರ.

ಕಳೆದ ರವಿವಾರದ ನಿಮ್ಮ ಪುರವಣಿಯಲ್ಲಿ ಆಫೀಸಿನ ಹಾಸ್ಯಚಿತ್ರಗಳ ಬಗ್ಗೆ ಬಂದ ಬರಹ ಓದಿದೆ. ಅದರಲ್ಲಿ ‘ವರ್ಕಿಂಗ್ ಗರ್ಲ್’ ಸಿನಿಮಾಕ್ಕೆ ಸಿಕ್ಕಿದ್ದು ನಾಲ್ಕೇ ಸಾಲು. ಸೆಕ್ರೆಟರಿಯೊಬ್ಬಳು ಯಜಮಾನಿಯ ಬಟ್ಟೆ ತೊಟ್ಟು, ಅದೃಷ್ಟ ಕೂಡಿಬಂದು ಮೇಲೇರುವ ನಗೆಕಥೆ ಅಂತ. ನಗೆ ಇದೆ, ಒಪ್ಪುತ್ತೇನೆ. ಅದೃಷ್ಟ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ 31 ವರ್ಷ ಸ್ಟೆನೊ ಆಗಿ ದುಡಿದವಳು ನಾನು. ಆ ಒಂದು ಶಬ್ದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಸಿನಿಮಾ ಬಂದದ್ದು 1988ರಲ್ಲಿ. ಮೈಕ್ ನಿಕೋಲ್ಸ್ ನಿರ್ದೇಶನ, ಸೆಕ್ರೆಟರಿ ಟೆಸ್ ಪಾತ್ರದಲ್ಲಿ ಮೆಲಾನಿ ಗ್ರಿಫಿತ್, ಯಜಮಾನಿಯಾಗಿ ಸಿಗೊರ್ನಿ ವೀವರ್. ಆರು ಆಸ್ಕರ್ ನಾಮನಿರ್ದೇಶನ ಬಂದು, ಕೊನೆಗೆ ಪ್ರಶಸ್ತಿ ದಕ್ಕಿದ್ದು ಹಾಡಿಗೆ ಮಾತ್ರ. ಆಗ ನಮಗೆ ಅದರ ಸುದ್ದಿಯೂ ಇರಲಿಲ್ಲ. ಮೊನ್ನೆ ಮೊನ್ನೆ ತಂಗಿಯ ಮಗಳು ಮೊಬೈಲಿನಲ್ಲಿ ಹಚ್ಚಿ ತೋರಿಸಿದಳು. ಮರುದಿನ ಒಬ್ಬಳೇ ಕೂತು ಇನ್ನೊಮ್ಮೆ ನೋಡಿದೆ.

ಟೆಸ್ ಸ್ಟೇಟನ್ ದ್ವೀಪದಿಂದ ದೋಣಿ ಹತ್ತಿ ನ್ಯೂಯಾರ್ಕಿನ ಆಫೀಸಿಗೆ ಬರುತ್ತಾಳೆ. ದಾರಿಗೆ ಒಂದು ಬೂಟು, ಆಫೀಸಿಗೆ ಒಂದು ಬೂಟು. ನಾನು ಹಿರೇಬಾಗೇವಾಡಿಯಿಂದ ಬಸ್ ಹಿಡಿದು, ಬೆಳಗಾವಿ ಸ್ಟ್ಯಾಂಡಿನಲ್ಲಿ ಇಳಿದು, ಸಿಟಿ ಬಸ್ಸಿನಲ್ಲಿ ಉದ್ಯಮಬಾಗಕ್ಕೆ ಹೋಗುತ್ತಿದ್ದೆ. ಮಳೆಗಾಲದಲ್ಲಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಒಳ್ಳೆಯ ಜೋಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲದಲ್ಲಿಡುತ್ತಿದ್ದೆ. ಅವಳು ರಾತ್ರಿ ತರಗತಿಗೆ ಹೋಗಿ ಐದು ವರ್ಷದಲ್ಲಿ ಪದವಿ ಮುಗಿಸುತ್ತಾಳೆ. ನಾನು ನೌಕರಿ ಮಾಡುತ್ತಲೇ ಎಕ್ಸ್‌ಟರ್ನಲ್ ಕಟ್ಟಿ ಬಿ.ಕಾಂ. ಮಾಡಿಕೊಂಡೆ. ಆ ಸರ್ಟಿಫಿಕೇಟನ್ನು ಆಫೀಸಿನಲ್ಲಿ ಯಾರೂ ನೋಡಲು ಕೇಳಲಿಲ್ಲ.

ಟೆಸ್‌ಗೆ ಒಂದು ವಿಚಾರ ಹೊಳೆಯುತ್ತದೆ. ಟಿವಿ ಕೇಂದ್ರ ಕೊಳ್ಳಬೇಕೆಂದಿರುವ ದೊಡ್ಡ ಕಂಪನಿಯೊಂದು ಅದರ ಬದಲು ರೇಡಿಯೊ ಕೊಂಡರೆ ಹೇಗೆ ಎಂದು. ಯಜಮಾನಿ ಅವಳ ಮಾತನ್ನು ಅಕ್ಕರೆಯಿಂದಲೇ ಕೇಳುತ್ತಾಳೆ, ನೋಡೋಣ ಎನ್ನುತ್ತಾಳೆ, ಆಮೇಲೆ ಪ್ರಯೋಜನವಿಲ್ಲ ಎಂದು ತಳ್ಳಿಹಾಕುತ್ತಾಳೆ. ಅವಳು ಸ್ಕೀಯಿಂಗಿಗೆ ಹೋಗಿ ಕಾಲು ಮುರಿದುಕೊಂಡಾಗ ಮನೆ ನೋಡಿಕೊಳ್ಳಲು ಹೋದ ಟೆಸ್‌ಗೆ ಸತ್ಯ ತಿಳಿಯುತ್ತದೆ: ತನ್ನ ವಿಚಾರವನ್ನೇ ಯಜಮಾನಿ ತನ್ನದೆಂದು ಮುಂದೆ ಸಾಗಿಸುತ್ತಿದ್ದಾಳೆ. ಆ ಯಜಮಾನಿ ಬೈಯುವವಳಲ್ಲ. ನಿನ್ನ ವಿಚಾರಗಳನ್ನು ಹೇಳು, ಇಲ್ಲಿ ಎಲ್ಲರದೂ ಸಮಪಾಲು ಎಂಬಂತೆ ಮೊದಲ ದಿನವೇ ಹೇಳಿದವಳು. ನನಗೆ ಚುರುಕ್ಕೆಂದಿದ್ದು ಅಲ್ಲಿ.

ನಮ್ಮ ಸಾಹೇಬರೂ ಕೆಟ್ಟವರಾಗಿರಲಿಲ್ಲ. ಅವ್ವ ಆಸ್ಪತ್ರೆಯಲ್ಲಿದ್ದಾಗ ಕೇಳದೆಯೇ ಹದಿನೈದು ದಿನ ರಜೆ ಕೊಟ್ಟವರು. ಅವರ ಹೆಸರನ್ನಾಗಲಿ, ಕಾರ್ಖಾನೆಯ ಹೆಸರನ್ನಾಗಲಿ ನಾನು ಬರೆಯುವುದಿಲ್ಲ.

1991ರ ಮಳೆಗಾಲ. ನಮ್ಮದು ಫೌಂಡ್ರಿ. ಎರಕ ಹೊಯ್ದು, ಮಷಿನಿಂಗ್ ಮಾಡಿದ ಮಾಲು ಲಾರಿಯಲ್ಲಿ ಪುಣೆಗೆ ಹೋಗುತ್ತಿತ್ತು. ಅಲ್ಲಿಯ ಗಿರಾಕಿಯಿಂದ ತಕರಾರಿನ ಪತ್ರ ಬಂತು, ಮಾಲಿಗೆ ಜಂಗು, ಅಂದರೆ ತುಕ್ಕು, ಹಿಡಿದಿದೆ ಅಂತ. ಎರಡು ವಾರಕ್ಕೆ ಇನ್ನೊಂದು. ಹೀಗೆ ನಾಲ್ಕು ಪತ್ರ ಬಂದವು. ಪ್ರತಿ ಸಲ ಉತ್ತರ ಬರೆಯುವಾಗ ಚಲನ್ ನಂಬರು, ತಾರೀಖು ಹಾಕಬೇಕು. ಅದಕ್ಕಾಗಿ ನನ್ನ ಶಾರ್ಟ್‌ಹ್ಯಾಂಡ್ ವಹಿಯನ್ನು, ಅಂದರೆ ಸಾಹೇಬರು ಹೇಳಿದ್ದನ್ನು ಗೆರೆಗಳ ಲಿಪಿಯಲ್ಲಿ ಬೇಗ ಬರೆದುಕೊಳ್ಳುವ ಪುಸ್ತಕವನ್ನು, ಹಿಂದೆ ತಿರುವಿ ಹುಡುಕಬೇಕಾಗಿತ್ತು. ನಾಲ್ಕನೇ ಸಲ ತಿರುವುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಾಲ್ಕೂ ಸಲ ಕೈ ಹೋಗಿ ನಿಂತದ್ದು ಅರ್ಧ ಖಾಲಿ ಇದ್ದ ಪುಟಗಳ ಮೇಲೆ. ಶನಿವಾರ ನಮಗೆ ಅರ್ಧ ದಿನ, ಡಿಕ್ಟೇಷನ್ ಕಡಿಮೆ, ಪುಟ ತುಂಬುತ್ತಿರಲಿಲ್ಲ. ಕ್ಯಾಲೆಂಡರ್ ನೋಡಿದೆ. ನಾಲ್ಕೂ ಶನಿವಾರಗಳೇ.

ಡಿಸ್ಪ್ಯಾಚಿನ ಗುಮಾಸ್ತರನ್ನು ಕೇಳಿದೆ. ಶನಿವಾರ ಹೊರಟ ಮಾಲು ಮುಂದಕ್ಕೆ ಹೋಗುವುದೇ ಇಲ್ಲವಂತೆ. ಟ್ರಾನ್ಸ್‌ಪೋರ್ಟಿನವರಿಗೆ ರವಿವಾರ ಸೂಟಿ. ಸೋಮವಾರದವರೆಗೆ ಅವರ ಬಯಲು ಅಂಗಳದಲ್ಲಿ ತಾಡಪತ್ರಿಯ ಕೆಳಗೆ ಬಿದ್ದಿರುತ್ತಿತ್ತು. ಬೆಳಗಾವಿಯ ಆಷಾಢದ ಮಳೆಗೆ ತಾಡಪತ್ರಿ ಎಷ್ಟು ತಡೆದೀತು?

“ಸಾಹೇಬರ, ಶನಿವಾರ ಕಳಿಸಿದ ಮಾಲಿಗಷ್ಟ ಜಂಗಿನ ತಕರಾರು ಬರಾಕತ್ತಾವ್ರಿ” ಎಂದೆ.

“ಹೌದೇನ್ರಿ ಬಾಯಾರ? ಬರದು ಕೊಡ್ರಿ, ನೋಡೂಣು” ಎಂದರು.

ಒಂದು ಪುಟ ಟೈಪ್ ಮಾಡಿ ಕೊಟ್ಟೆ. ಮಳೆ ಮುಗಿಯುವ ತನಕ ಶನಿವಾರ ಮಾಲು ಹೊರಡಿಸಬಾರದು, ತಯಾರಾದದ್ದಕ್ಕೆ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಸುತ್ತಿ ನಮ್ಮ ಶೆಡ್ಡಿನಲ್ಲೇ ಇಟ್ಟು ಸೋಮವಾರ ಮುಂಜಾನೆ ಕಳಿಸಬೇಕು ಎಂದು ಬರೆದಿದ್ದೆ. ಎಂಟು ದಿನ ಏನೂ ಮಾತಿಲ್ಲ. ಒಂಬತ್ತನೇ ದಿನ ಸಾಹೇಬರು ಕರೆದು, ಮಾಲಕರಿಗೆ ಒಂದು ಪತ್ರ ಇದೆ, ಬರೆದುಕೊಳ್ಳಿ ಎಂದರು. “ಕಳೆದ ಕೆಲವು ತಿಂಗಳ ದಾಖಲೆಗಳನ್ನು ನಾನು ಪರಿಶೀಲಿಸಿದಾಗ...” ಎಂದು ಶುರುವಾಯಿತು. ನನ್ನ ಪುಟವನ್ನೇ ನನಗೆ ಡಿಕ್ಟೇಷನ್ ಕೊಡುತ್ತಿದ್ದರು. ನಾನು ಬರೆದುಕೊಂಡೆ. ಒಂದೂ ಗೆರೆ ತಪ್ಪಲಿಲ್ಲ.

ಟೈಪಿಂಗ್ ಕಲಿತವರಿಗೆ ಗೊತ್ತು, ಆಗಿನ ಇಂಗ್ಲಿಷ್ ಪತ್ರಗಳ ಕೆಳಗೆ ಎಡಮೂಲೆಯಲ್ಲಿ ಒಂದು ಗುರುತು ಇರುತ್ತಿತ್ತು. ಪತ್ರ ಹೇಳಿದವರ ಹೆಸರಿನ ಮೊದಲ ಅಕ್ಷರಗಳು ದೊಡ್ಡವು, ಒಂದು ಓರೆ ಗೀಟು, ಆಮೇಲೆ ಟೈಪ್ ಮಾಡಿದವರ ಅಕ್ಷರಗಳು ಸಣ್ಣವು. ಆ ಪತ್ರದ ಕೆಳಗೂ ಗೀಟಿನ ಈಚೆಗೆ ನನ್ನ ಎರಡು ಸಣ್ಣ ಅಕ್ಷರ ಹೊಡೆದು ಕೊಟ್ಟೆ. ಮಾಲಕರು ಆ ಪತ್ರವನ್ನು ಬಹಳ ಮೆಚ್ಚಿದರು. ಮುಂದಿನ ಮಳೆಗಾಲದಲ್ಲಿ ಜಂಗಿನ ತಕರಾರಿಗೆ ಉತ್ತರ ಟೈಪ್ ಮಾಡಿದ ನೆನಪು ನನಗಿಲ್ಲ.

ಹಾಗಾಗಿ ಸಿನಿಮಾದ ಲಿಫ್ಟಿನ ದೃಶ್ಯ ಬಂದಾಗ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಯಜಮಾನಿ ಕಾಲು ಮುರಿದು ಮಲಗಿದ್ದಾಗ ಟೆಸ್ ಅವಳ ಬಟ್ಟೆ ತೊಟ್ಟು ಆ ವ್ಯವಹಾರವನ್ನು ತಾನೇ ಮುಂದೆ ಸಾಗಿಸಿರುತ್ತಾಳೆ. ಆ ದೊಡ್ಡ ಕಂಪನಿಯ ಮಾಲಕ ಟೆಸ್‌ಳನ್ನು ಕೇಳುತ್ತಾನೆ, ಈ ವಿಚಾರ ನಿನಗೆ ಹೊಳೆದದ್ದು ಹೇಗೆ ಎಂದು. ಅವಳು ಕತ್ತರಿಸಿಟ್ಟುಕೊಂಡ ಪತ್ರಿಕೆಯ ಚೂರುಗಳನ್ನು ತೋರಿಸಿ, ಯಾವ ಸುದ್ದಿಗೆ ಯಾವುದು ಜೋಡಿಯಾಯಿತು ಎಂದು ಬಿಡಿಸಿ ಹೇಳುತ್ತಾಳೆ. ಅದೇ ಪ್ರಶ್ನೆಗೆ ಯಜಮಾನಿ ತಡವರಿಸುತ್ತಾಳೆ, ಫೈಲು ನೋಡಬೇಕು ಎನ್ನುತ್ತಾಳೆ. ಅಲ್ಲಿಗೆ ಆಟ ಮುಗಿಯಿತು. ಇದರಲ್ಲಿ ಅದೃಷ್ಟ ಎಲ್ಲಿದೆ, ನಿಮ್ಮ ಲೇಖಕರು ತೋರಿಸಲಿ. ಯಜಮಾನಿಯ ಕೋಟು ತೊಟ್ಟಿದ್ದರಿಂದ ಅವಳು ಲಿಫ್ಟಿನ ತನಕ ಬಂದಿರಬಹುದು. ಒಳಗೆ ಅವಳನ್ನು ಕಾಪಾಡಿದ್ದು ದಿನಾ ಓದಿ, ಕತ್ತರಿಸಿ, ಜೋಡಿಸಿಟ್ಟ ಅಭ್ಯಾಸ.

ಅವಳದು ತಪ್ಪೇ ಇಲ್ಲ ಎನ್ನುತ್ತಿಲ್ಲ. ತಾನು ಸೆಕ್ರೆಟರಿ ಎಂಬುದನ್ನು ಮುಚ್ಚಿಡುತ್ತಾಳೆ, ಕರೆಯದ ಮದುವೆಗೆ ನುಗ್ಗುತ್ತಾಳೆ. ನಾನಾಗಿದ್ದರೆ ಆ ಸುಳ್ಳು ಹೇಳುತ್ತಿರಲಿಲ್ಲ, ಸಿನಿಮಾ ಅದನ್ನು ತೀರ ಸಲೀಸಾಗಿ ಕ್ಷಮಿಸಿದೆ. ಪ್ರೇಮದ ಭಾಗದ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಆದರೆ ಕೊನೆಯ ಹತ್ತು ನಿಮಿಷ ಚೆನ್ನಾಗಿದೆ. ಹೊಸ ನೌಕರಿಯ ಮೊದಲ ದಿನ ಟೆಸ್ ತಾನಾಗಿಯೇ ಹೊರಗಿನ ಸೆಕ್ರೆಟರಿ ಮೇಜಿಗೆ ಹೋಗಿ ಕೂತುಬಿಡುತ್ತಾಳೆ. ಒಳಗಿನ ಕೋಣೆಯೇ ನಿಮ್ಮದು ಎಂದು ಅಲ್ಲಿಯ ಸೆಕ್ರೆಟರಿ ಹೇಳಬೇಕಾಗುತ್ತದೆ. ಆಮೇಲೆ ಟೆಸ್ ಅವಳಿಗೆ ಹೇಳುವ ಮಾತು, ನೀನು ಕಾಫಿ ತಂದುಕೊಳ್ಳುವಾಗ ಮಾತ್ರ ನನಗೂ ತಾ ಎಂದು. 31 ವರ್ಷದಲ್ಲಿ ನಾನು ಒಯ್ದು ಕೊಟ್ಟ ಚಹಾ ಎಷ್ಟೆಂದು ಲೆಕ್ಕ ಇಟ್ಟಿಲ್ಲ. ಸಿಪಾಯಿ ಬರದ ದಿನ ಅದು ಸ್ಟೆನೊ ಬಾಯಿಯ ಕೆಲಸ ಎಂದೇ ಎಲ್ಲರೂ ತಿಳಿದಿದ್ದರು.

ಈಗ ಗೀಟು ಹೋಗಿದೆ, ಟೈಪ್‌ರೈಟರ್ ಹೋಗಿದೆ. ಆದರೆ ತಂಗಿಯ ಮಗಳು ತಯಾರಿಸಿದ ತಖ್ತೆಯನ್ನು ಅವಳ ಮೇಲಿನವರು ತಮ್ಮ ಹೆಸರಿನಲ್ಲಿ ಮೇಲ್ ಮಾಡುತ್ತಾರಂತೆ. ಅವಳು ಅದನ್ನು ಹೇಳುವಾಗ ನಗುತ್ತಿದ್ದಳು, ನನಗೆ ನಗು ಬರಲಿಲ್ಲ. ನಮ್ಮ ಊರಿನ ಕಾರ್ಖಾನೆಗಳ, ಕಚೇರಿಗಳ ಮುಖ್ಯಸ್ಥರು ನಿಮ್ಮ ಪತ್ರಿಕೆ ಓದುತ್ತಾರೆ. ಅವರಲ್ಲಿ ನನ್ನ ವಿನಂತಿ ಒಂದೇ. ಒಳ್ಳೆಯ ಸಲಹೆಯೊಂದು ನಿಮ್ಮ ಮೇಜಿಗೆ ಬಂದಾಗ, ತಂದುಕೊಟ್ಟವರನ್ನು ಕೂರಿಸಿ, ಇದು ಹೊಳೆದದ್ದು ಹೇಗೆ ಎಂದು ಕೇಳಿರಿ. ಐದು ನಿಮಿಷ ಸಾಕು.

ನನ್ನ 1991ರ ಆ ವಹಿ ಇನ್ನೂ ಇದೆ. ನಾಲ್ಕು ಶನಿವಾರಗಳ ಸುತ್ತ ಹಾಕಿದ ಕೆಂಪು ಶಾಯಿ ಸ್ವಲ್ಪ ಮಾಸಿದೆ. ಗೆರೆಗಳನ್ನು ಈಗಲೂ ಓದಿ ಹೇಳಬಲ್ಲೆ.

ಎಸ್. ಬಿ.
ನಿವೃತ್ತ ಸ್ಟೆನೊಗ್ರಾಫರ್, ಬೆಳಗಾವಿ